ಬುಕನನ್ ದಿನಚರಿ
ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ (1762–1829) ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು 1800–01ರಲ್ಲಿ ಸುತ್ತುತ್ತ ಬರೆದಿಟ್ಟ ಪ್ರವಾಸ ದಾಖಲೆ. ಟಿಪ್ಪು ಮಡಿದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದರಾಸಿನಿಂದ ಹೊರಟ. ಇಕ್ಕೇರಿ, ನಗರ, ಶಿವಮೊಗ್ಗಗಳನ್ನೂ ಹಾದುಹೋದ. ತಂಗಿದ ಊರಿನ ಮಣ್ಣು, ಬಿತ್ತನೆ, ಅಡಿಕೆ ತೋಟ, ಕಂದಾಯ, ತೂಕ, ಅಳತೆ ಎಲ್ಲವನ್ನೂ ಕೆದಕಿ ಕೇಳಿ, ತಾರೀಖು ಹಾಕಿ ಬರೆಯುವುದು ಅವನ ಪದ್ಧತಿ. ಶಿವಮೊಗ್ಗದ ಸುತ್ತಿನ ಸೀಮೆಯ ಹಳೆಯ ಬೇಸಾಯ ತಿಳಿಯಲು ಇಷ್ಟು ವಿವರದ ಬರಹಗಳು ವಿರಳ. ಜಾತಿ, ಆಚಾರಗಳ ಮಾತು ಬಂದಾಗ ಮಾತ್ರ ಈಸ್ಟ್ ಇಂಡಿಯಾ ಕಂಪನಿಯ ನೌಕರನ ಬಿಗುಮಾನ ಇಣುಕುತ್ತದೆ; ಅಲ್ಲಿ ಎಚ್ಚರದಿಂದ ಓದಬೇಕು. ಸಂಕ್ಷೇಪಿಸಿ ಮರುಜೋಡಿಸುವ ಇರಾದೆ ಅವನಿಗಿತ್ತು, ಆಗಲಿಲ್ಲ. ದಿನಚರಿಯ ರೂಪದಲ್ಲೇ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.