ಊರು, ಕೇರಿ ಮತ್ತು ಶಾಲೆಯ ಚರಿತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬೀ ಮೂರು ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಪ್ರಸಿದ್ಧವಾದುವು. ಇಲ್ಲಿಯ ಪಾಠಶಾಲೆಗಳಲ್ಲಿ ಚರಿತ್ರೆಯನ್ನು ಬೋಧಿಸುವಾಗ ಅರಳುಗುಪ್ಪೆಯ ಕಲ್ಲೇಶ್ವರಾಲಯದ ಶಿಲ್ಪವನ್ನೂ ತುರುವೇಕೆರೆಯ ಹೊಯ್ಸಳ ದೇವಾಲಯಗಳನ್ನೂ ಬಾಲಕರಿಗೆ ತೋರಿಸುವುದು ಯುಕ್ತವೇ ಸರಿ. ಆದರೆ ಗುಡಿಯ ಹೊರಗೆ, ಊರಿನ ಹೊರಗೆ, ಬಾವಿಯಿಂದ ದೂರದಲ್ಲಿ ನಿಲ್ಲಿಸಲ್ಪಟ್ಟವರ ಚರಿತ್ರೆಯೂ ಈ ನಾಡಿನ ಚರಿತ್ರೆಯೇ. ಅದನ್ನು ವಿದ್ಯಾರ್ಥಿಗಳಿಗೆ ಹೇಳಬೇಕೆ, ಹೇಳುವುದಾದರೆ ಯಾವ ಆಧಾರಗಳಿಂದ ಹೇಳಬೇಕು ಎಂಬುದು ವಿಚಾರಾರ್ಹವಾದ ವಿಷಯ.

ಮೊದಲನೆಯ ಆಧಾರವು ಶಾಸ್ತ್ರಗ್ರಂಥಗಳು. ಬ್ರಹ್ಮಸೂತ್ರಗಳ ಪ್ರಥಮಾಧ್ಯಾಯದ ತೃತೀಯ ಪಾದದಲ್ಲಿರುವ ಅಪಶೂದ್ರಾಧಿಕರಣವು ಶೂದ್ರನಿಗೆ ವೇದವಿದ್ಯೆಯಲ್ಲಿ ಅಧಿಕಾರವಿಲ್ಲವೆಂದು ನಿರ್ಣಯಿಸುತ್ತದೆ. ಶಂಕರ, ರಾಮಾನುಜ, ಮಧ್ವರು ಬೇರೆ ಎಷ್ಟೋ ವಿಷಯಗಳಲ್ಲಿ ಭಿನ್ನಮತೀಯರಾದರೂ ಈ ನಿರ್ಣಯದಲ್ಲಿ ಏಕಮತರು. ಶೂದ್ರನಿಗೇ ಇಲ್ಲದ ಅಧಿಕಾರವು ವರ್ಣಬಾಹ್ಯರಿಗೆ ಇಲ್ಲವೆಂಬುದು ಕೈಮುತಿಕನ್ಯಾಯದಿಂದಲೇ ಸಿದ್ಧವಾಯಿತು. ದಾನವನ್ನು ಕೆಡಿಸಿದವನು ಚಂಡಾಲನಾಗಿ ಹುಟ್ಟುವನೆಂಬ ಅರ್ಥದ ಶಾಪಶ್ಲೋಕಗಳೂ ಪ್ರಾಚೀನ ದಾನಪತ್ರಗಳಲ್ಲಿ ಕಾಣಬರುತ್ತವೆ. ಒಂದು ಜನದ ಜನ್ಮವೇ ಮತ್ತೊಬ್ಬರಿಗೆ ಶಾಪವಾದುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಸಾಕ್ಷ್ಯವು ದುರ್ಲಭ. ಇವನ್ನು ಮುಚ್ಚಿಟ್ಟು ಸತ್ಯಕಾಮ ಜಾಬಾಲನ ಕಥೆಯೊಂದನ್ನೇ ಹೇಳುವುದು ಅರ್ಧಸತ್ಯ. ಅದೇ ಅಧಿಕರಣವು ಆ ಕಥೆಯನ್ನೂ ನಿಷೇಧದ ಸಮರ್ಥನೆಗೇ ಉಪಯೋಗಿಸಿಕೊಂಡಿದೆ.

ಎರಡನೆಯದು ಲೋಕವ್ಯವಹಾರದ ದಾಖಲೆಗಳು. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು ೧೯೦೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ೧೨ನೆಯ ಸಂಪುಟವಾಗಿ ಪ್ರಕಟಿಸಿದರು. ಇಂತಹ ಶಾಸನಗಳಲ್ಲಿ ಭೂಮಿಯನ್ನು ಕೊಟ್ಟವರ ಹೆಸರೂ ಪಡೆದವರ ಹೆಸರೂ ಉಂಟು; ಉತ್ತವರ ಹೆಸರು ಅಪೂರ್ವ. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ತೆಂಗಿನ ತೋಟಗಳ ಕೃಷಿಕ್ರಮವನ್ನು ಬರೆದಿಟ್ಟಿದ್ದಾನೆ. ಬಲಗೈ ೧೮ ಪಣ, ಎಡಗೈ ೯ ಪಣ ಎಂಬ ವಿಭಾಗವೂ ಅವನ ಗ್ರಂಥದಲ್ಲಿದೆ. ಬಲಗೈಯ ಕೊನೆಯಲ್ಲಿ ಹೊಲೆಯರು, ಎಡಗೈಯ ಕೊನೆಯಲ್ಲಿ ಮಾದಿಗರು.

ಇದಕ್ಕಿಂತಲೂ ಮನನೀಯವಾದುದು ೧೮೭೩ರ ಇಂಡಿಯನ್ ಆಂಟಿಕ್ವರಿಯಲ್ಲಿ ಮೆಕೆಂಜಿ ಎಂಬ ಅಧಿಕಾರಿಯು ಬರೆದ ಕುಲವಾಡಿಯ ವೃತ್ತಾಂತ. ಎರಡು ಗ್ರಾಮಗಳಿಗೆ ಎಲ್ಲೆಯ ವಿವಾದವುಂಟಾದಾಗ ಹೊಲೆಯನಾದ ಕುಲವಾಡಿಯು ತಲೆಯ ಮೇಲೆ ಮಣ್ಣಿನುಂಡೆಯನ್ನು ಹೊತ್ತು ಎಲ್ಲೆಯ ಗುಂಟ ನಡೆಯುವನು. ಅವನು ನಡೆದುದೇ ಮೇರೆ. ತಪ್ಪಿ ನಡೆದರೆ ಉಂಡೆಯು ತಾನಾಗಿ ಒಡೆಯುವುದೆಂದು ಜನರ ನಂಬಿಕೆ. ಊರಿನ ಗಡಿಯನ್ನು ನಿರ್ಣಯಿಸಲು ಯಾವನ ಮಾತು ಪ್ರಮಾಣವೋ ಅವನೇ ಊರೊಳಗೆ ಅಸ್ಪೃಶ್ಯ. ಭೂಮಿಯ ಜ್ಞಾನ ಅವನದು, ಭೂಮಿ ಬೇರೆಯವರದು. ಈ ವಿರೋಧವನ್ನು ತಿಳಿದ ಬಾಲಕನಿಗೆ ಅಸ್ಪೃಶ್ಯತೆಯು ಅಯೋಗ್ಯತೆಯ ಫಲವೆಂಬ ಭ್ರಾಂತಿಯು ನಿಲ್ಲದು.

ಶಾಲೆಯ ಬಾಗಿಲೂ ತಾನಾಗಿ ತೆರೆದುದಲ್ಲ. ಮೈಸೂರು ಸಂಸ್ಥಾನದಲ್ಲಿ ಮೊದಲು ಪಂಚಮರಿಗೆಂದು ಪ್ರತ್ಯೇಕ ಶಾಲೆಗಳಿದ್ದುವು. ಸಿ. ಆರ್. ರೆಡ್ಡಿಯವರು ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಕಾಲದಲ್ಲಿ ಸರ್ಕಾರಿ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರತಕ್ಕುದೆಂಬ ನೀತಿಯು ಬಲಗೊಂಡಿತು. ಸವರ್ಣರ ವಿರೋಧವೂ ಉಂಟಾಯಿತು. ೧೯೧೮ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಮರುವರ್ಷ ವರದಿಯನ್ನೊಪ್ಪಿಸಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ೧೯೫೫ರ ಶಾಸನವು ಅದರ ಆಚರಣೆಯನ್ನು ದಂಡಾರ್ಹವಾಗಿಸಿತು.

ಇಂತಹ ಪಾಠವು ಹಳೆಯ ದ್ವೇಷವನ್ನು ಕೆದಕುವುದೆಂದು ಪೂರ್ವಪಕ್ಷವುಂಟು. ಶಾಲೆಯು ಮೌನವಾಗಿದ್ದರೂ ಬಾಲಕನು ಊರು ಕೇರಿಗಳ ಭೇದವನ್ನು ಬೀದಿಯಲ್ಲಿಯೇ ಕಲಿಯುವನು. ಅಲ್ಲಿ ಕಲಿತುದಕ್ಕೆ ವಿಮರ್ಶೆಯಿಲ್ಲ. ಆದುದರಿಂದ ಮೌನವು ಶಾಂತಿಯಲ್ಲ, ಸಮ್ಮತಿ. ಎರಡನೆಯ ಆಕ್ಷೇಪವು ಇದಕ್ಕಿಂತ ಗುರುತರವಾದುದು: ಕೇರಿಯಿಂದ ಬಂದ ಮಗುವು ಸಹಪಾಠಿಗಳ ಮುಂದೆ ತನ್ನ ಹಿರಿಯರ ಅಪಮಾನದ ಕಥೆಯನ್ನು ಕೇಳಿ ತಲೆತಗ್ಗಿಸಬೇಕಾದೀತು. ಇದಕ್ಕೆ ಪರಿಹಾರವು ಪಾಠವನ್ನು ಬಿಡುವುದಲ್ಲ, ಪಾಠದ ಕ್ರಮವನ್ನು ತಿದ್ದುವುದು. ಅಪಮಾನಕ್ಕೆ ಒಳಗಾದವರನ್ನಲ್ಲ, ಅಪಮಾನದ ಕಟ್ಟಳೆಯನ್ನು ಪರೀಕ್ಷೆಗೆ ನಿಲ್ಲಿಸಬೇಕು. ಕುಲವಾಡಿಯ ಜ್ಞಾನವನ್ನೂ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದ ಶರಣರ ಧೈರ್ಯವನ್ನೂ ಜತೆಗೇ ಹೇಳಬೇಕು.

ಇಲ್ಲಿ ಸಾಹಿತ್ಯಾಧ್ಯಾಪಕರ ಹೊಣೆಯು ಚರಿತ್ರೆಯ ಅಧ್ಯಾಪಕರದಕ್ಕಿಂತ ಕಡಮೆಯಲ್ಲ. ಕುವೆಂಪುರವರ ‘ಜಲಗಾರ’, ಕಾರಂತರ ‘ಚೋಮನ ದುಡಿ’ ಮೊದಲಾದುವು ಕೇರಿಯನ್ನು ಹೊರಗಿನಿಂದ ಕಂಡ ಕರುಣೆಯ ಕೃತಿಗಳು. ೧೯೭೩ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗವು ಬೂಸವೆಂದಾಗ ದೊಡ್ಡ ಗಲಭೆಯೇ ಆಯಿತು. ಅವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಆ ಮಾತಿಗೆ ಉತ್ತರವು ಗಲಭೆಯಿಂದ ಬರಲಿಲ್ಲ. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದವರು ಕೇರಿಯ ಒಳಗಿನಿಂದ ಬರೆದ ಕೃತಿಗಳಿಂದ ಬಂದಿತು. ಸಿದ್ಧಲಿಂಗಯ್ಯನವರ ಆತ್ಮಕಥೆಗೆ ‘ಊರುಕೇರಿ’ ಎಂದೇ ಹೆಸರು. ಒಳಗಿನ ಸಾಕ್ಷಿಯಿರುವಾಗ ಹೊರಗಿನ ಸಾಕ್ಷಿಯೊಂದರಿಂದಲೇ ತೀರ್ಪುಮಾಡುವುದು ಪ್ರಮಾಣಶಾಸ್ತ್ರವನ್ನು ಬಲ್ಲವರ ರೀತಿಯಲ್ಲ. ಎರಡನ್ನೂ ಒಟ್ಟಿಗಿಟ್ಟು ಓದಿಸಿದಲ್ಲಿ, ತೆಂಗಿನ ಸೀಮೆಯ ಬಾಲಕನು ತನ್ನ ಊರಿನ ಎಲ್ಲೆಯು ಎಲ್ಲಿಯವರೆಗಿದೆಯೆಂಬುದನ್ನು ಸರಿಯಾಗಿ ತಿಳಿದುಕೊಳ್ಳುವನು.