ಉತಾರದಾಗ ಇಲ್ಲದ ಹೆಸರು

ಮಮದಾಪುರದ ಕೆರೆ ಕಟ್ಟಿಸಿದವರು ಯಾರು ಅಂತ ಕೇಳಿದರೆ ಶಾಲೆಯ ಹುಡುಗನೂ ಹೇಳ್ತಾನ: ಮುಹಮ್ಮದ್ ಆದಿಲಶಾಹ. 1627ರಿಂದ 1656ರವರೆಗೆ ಬಿಜಾಪುರ ಆಳಿದ ಸುಲ್ತಾನ. ಊರಿಗೂ ಅವನದೇ ಹೆಸರು. ಸರಿ, ಆ ಏರಿಗೆ ಮಣ್ಣು ಹೊತ್ತವರು ಯಾರು? ಕೆರೆಯ ಕೆಳಗಿನ ಹೊಲ ಉತ್ತವರು ಯಾರು? ಅವರು ನಮ್ಮಂಥವರ ಹಿರಿಯರು. ಆದರೆ ಮುತ್ತಜ್ಜನ ಆಚೆ ನಮಗೆ ಒಂದು ಹೆಸರೂ ಗೊತ್ತಿಲ್ಲ.

ಒಕ್ಕಲುತನದ ಮನೆಗಳಿಗೆ ಹೆಳವರು ಎತ್ತಿನ ಮೇಲೆ ಬರ್ತಾರ. ತಲೆತಲಾಂತರದ ಹೆಸರು ಹೇಳಿ ಕಾಳು ಒಯ್ತಾರ. ನಮ್ಮ ಕೇರಿಯ ಕಡೆ ಆ ಎತ್ತು ತಿರುಗಿದ್ದನ್ನು ನಾವು ಕಂಡಿಲ್ಲ. ನಮಗೆ ಉಳಿದಿರೋದು ಎರಡೇ: ಮುದುಕರ ಬಾಯಿ, ಸರಕಾರದ ದಫ್ತರ.

ದಫ್ತರದ ಕತೆ ನೋಡೋಣ. 1818ರಲ್ಲಿ ಪೇಶ್ವೆ ಆಡಳಿತ ಬಿದ್ದ ಮೇಲೆ ಬಿಜಾಪುರ ಸೀಮೆ ಸಾತಾರದ ರಾಜನಿಗೆ ಹೋಯಿತು. 1848ರಲ್ಲಿ ಇಂಗ್ಲಿಷರು ಸಾತಾರವನ್ನೇ ನುಂಗಿದರು. ಪುಣೆ ಕಡೆಯ ಇಂದಾಪುರದಲ್ಲಿ 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಶುರು ಮಾಡಿದ ಸರ್ವೆ ನಮ್ಮ ಎರೆ ಹೊಲಗಳಿಗೂ ಬಂತು. ಪ್ರತಿ ಹೊಲಕ್ಕೆ ಒಂದು ನಂಬರು, ಪ್ರತಿ ನಂಬರಿಗೆ ಒಂದು ಆಕಾರ, ಅದನ್ನು ಕಟ್ಟಲು ಒಬ್ಬ ಖಾತೆದಾರ. ಸರಕಾರಕ್ಕೆ ಬೇಕಾಗಿದ್ದು ಒಂದೇ: ರೊಕ್ಕ ಕಟ್ಟುವವನು ಯಾರು? ಬೆವರು ಸುರಿಸುವವನು ಯಾರು ಅಂತ ಸರ್ವೆಯ ಸರಪಳಿ ಕೇಳಲಿಲ್ಲ.

ಇದು ನಮ್ಮ ನಾಡಿನ ಮಾತಷ್ಟೇ ಅಲ್ಲ. ಸ್ಕಾಟ್ಲೆಂಡಿನಲ್ಲೂ ದೊಡ್ಡ ಜಮೀನುದಾರರು 19ನೇ ಶತಮಾನದಲ್ಲಿ ಕುರಿ ಸಾಕಲಿಕ್ಕಂತ ಬಡ ರೈತರನ್ನು ಗುಡಿಸಲಿನಿಂದ ಹೊರಹಾಕಿದರು. ಹಾಗೆ ದೇಶ ಬಿಟ್ಟವರ ಮಕ್ಕಳು ಇಂದು ಕೆನಡಾದಿಂದ ಬಂದು ಆ ಜಮೀನುದಾರರ ಗೇಣಿ ಪಟ್ಟಿಯಲ್ಲಿ ಅಜ್ಜನ ಹೆಸರು ಹುಡುಕುತ್ತಾರೆ. ಗೇಣಿ ಕೊಟ್ಟವನಿದ್ದರೆ ಹೆಸರು ಸಿಗುತ್ತದೆ. ಅವನ ಕೈಕೆಳಗೆ ತುಂಡು ನೆಲದಲ್ಲಿ ದುಡಿದವನಾಗಿದ್ದರೆ ಎಷ್ಟೋ ಸಲ ಸಿಗೋದಿಲ್ಲ. ಧಣಿಯ ಲೆಕ್ಕ ಎಲ್ಲಾ ಕಡೆ ಒಂದೇ ಥರ. ಆದರೆ ಅಲ್ಲಿಯ ಗೇಣಿದಾರನಿಗೆ ಗೌಡನ ಮನೆ ಹೊಸ್ತಿಲು ದಾಟಬಾರದು ಅನ್ನೋ ಮೈಲಿಗೆ ಇರಲಿಲ್ಲ.

ಒಂದು ಕಡೆ ಮಾತ್ರ ಸರಕಾರ ನಮ್ಮ ಹಿರಿಯರ ಹೆಸರು ಬರೆಯಲೇಬೇಕಾಯಿತು. ಅದು ಚಾಕರಿಯ ವತನ. ಹೊಲೆಯ, ಮಾದರ, ತಳವಾರ, ವಾಲೀಕಾರ: ಊರ ಸೀಮೆ ಕಾಯಬೇಕು, ಟಪಾಲು ಒಯ್ಯಬೇಕು, ಸತ್ತ ದನ ಎಳೆಯಬೇಕು, ಸಾಹೇಬ ಬಂದರೆ ಹಗಲು ರಾತ್ರಿ ನಿಲ್ಲಬೇಕು. ಇದಕ್ಕೆ ಪ್ರತಿಯಾಗಿ ಚೂರು ಇನಾಂ ಹೊಲ, ಸುಗ್ಗಿಯಲ್ಲಿ ಕಣದ ಆಯ. 1874ರ ಮುಂಬೈ ಕಾಯ್ದೆ ಈ ವಂಶಪಾರಂಪರ್ಯದ ಕೆಲಸವನ್ನು ಕಾನೂನಿನಲ್ಲಿ ಬಿಗಿಯಿತು. 1928ರಲ್ಲಿ ಬಾಬಾಸಾಹೇಬರು ಇದನ್ನು ತಿದ್ದಲು ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದರು. ಯಾಕಂದ್ರ ಅವರಿಗೆ ಗೊತ್ತಿತ್ತು, ಆ ಹೊಲ ಬಹುಮಾನ ಅಲ್ಲ, ಕಾಲಿಗೆ ಕಟ್ಟಿದ ಹಗ್ಗ. ನಮ್ಮ ರಾಜ್ಯದಲ್ಲಿ ಆ ಹಗ್ಗ ಬಿಚ್ಚಿದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ. ನಮ್ಮ ಅಜ್ಜಂದಿರನ್ನು ಕಾಗದದಲ್ಲಿ ಕಾಣಬೇಕಾದರೆ ಅವರ ಗುಲಾಮಗಿರಿಯ ಪುಟವನ್ನೇ ತೆರೆಯಬೇಕು. ನೋವು ಇರೋದು ಇಲ್ಲೇ.

ಹೆಸರಿಲ್ಲದಿದ್ದರೆ ಏನಾಯಿತು ಅನ್ನುವವರಿಗೆ 1974 ಉತ್ತರ ಹೇಳುತ್ತದೆ. ಆ ವರ್ಷ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಉಳುವವನೇ ಒಡೆಯ ಅಂದಿತು. 1979ರ ಜೂನ್ 30ರೊಳಗೆ 7ನೇ ನಮೂನೆ ತುಂಬಿದ ಗೇಣಿದಾರ ಭೂನ್ಯಾಯಮಂಡಳಿಯ ಮುಂದೆ ನಿಂತ. ಅವನ ಕೈಯಲ್ಲಿ ಪಹಣಿ ಇರಬೇಕಿತ್ತು. ಬಾಯಿಮಾತಿನ ಲಾವಣಿಗೆ, ಪಾಲಿಗೆ ಮಾಡಿದವನ ಹತ್ತಿರ ಎಲ್ಲಿಯ ಪಹಣಿ? ಸಾಲಕ್ಕೆ ಜೀತ ಇದ್ದವನಂತೂ ಕಾನೂನಿನ ಕಣ್ಣಿಗೆ ಗೇಣಿದಾರನೇ ಅಲ್ಲ. ಮೂವತ್ತು ಮಳೆಗಾಲ ಕೂರಿಗೆ ಹಿಡಿದವನು ಬರಿಗೈಲೆ ಮನೆಗೆ ಬಂದ. ಒಂದು ಕಲಮಿನ ಖಾಲಿ ಜಾಗ ಒಂದು ಕುಟುಂಬದ ಹೊಲವನ್ನೇ ತಿಂದಿತು.

ಗೆಳೆಯರೇ, ಅದಕ್ಕೇ ಈ ಕಾಗದ ಓದೋದನ್ನು ನಾವು ಕಲಿಯಬೇಕು. ಮೊದಲು ಮುದುಕರನ್ನು ಕೇಳಿ ಹೊಲದ ಹೆಸರು, ಸರ್ವೆ ನಂಬರು ಬರೆದುಕೊಳ್ಳಿ. ಇಂದಿನ ಪಹಣಿಯ 9ನೇ ಕಲಮಿನಲ್ಲಿ ಮಾಲೀಕನಿದ್ದಾನೆ. ಸಾಗುವಳಿ ಮಾಡುವವನಿಗೆ ಇರೋದು 12ನೇ ಕಲಂ. ಎರಡನ್ನೂ ಓದಿ. ಅಲ್ಲಿಂದ ಹಕ್ಕು ಬದಲಾವಣೆಯ ಡೈರಿ ಹಿಡಿದು ಹಿಂದಕ್ಕೆ ಹೋಗಿ. ತೀರಾ ಹಳೆಯವು ಮೋಡಿ ಲಿಪಿಯಲ್ಲಿರುತ್ತವೆ, ಓದಬಲ್ಲವರನ್ನು ಹುಡುಕಿ. ಒಂದೇ ಮನೆತನ ಒಂದು ಕಡೆ ಹೊಲೇರ, ಇನ್ನೊಂದು ಕಡೆ ಹರಿಜನ, ಮತ್ತೊಂದು ಕಡೆ ಚಲವಾದಿ ಆಗಿರಬಹುದು. ಅಡ್ಡಹೆಸರು ನಂಬಬೇಡಿ, ಅಪ್ಪನ ಹೆಸರು, ಸರ್ವೆ ನಂಬರು ನಂಬಿ. ಹೆಂಗಸರನ್ನು ಹುಡುಕುವಾಗ ಇನ್ನೂ ತಾಳ್ಮೆ ಬೇಕು. ಗಂಡ ಸತ್ತು, ಮಕ್ಕಳು ಸಣ್ಣವರಿದ್ದರೆ ಪಾಲಕಳಾಗಿ ಅವ್ವನ ಹೆಸರು ಬಂದಿರಬಹುದು. ಕಳೆ ತೆಗೆದದ್ದಕ್ಕೆ, ಜೋಳ ಕೊಯ್ದದ್ದಕ್ಕೆ ಆಕೆಯ ಹೆಸರು ಯಾವ ಉತಾರದಾಗೂ ಬರಲಿಲ್ಲ.

ಹಳ್ಳಿಯ ಮಾಸ್ತರರಿಗೆ ಒಂದು ಮಾತು. ರಾಜರ ಇಸವಿ ಬಾಯಿಪಾಠ ಮಾಡಿಸುವ ಜೊತೆಗೆ ಪ್ರತಿ ಹುಡುಗನಿಗೂ ಹುಡುಗಿಗೂ ಒಂದು ಹಾಳೆ ಕೊಡಿ. ಅಜ್ಜ ಅಜ್ಜಿ ಯಾರು, ಯಾರ ಹೊಲದಾಗ ದುಡಿದರು, ಎಷ್ಟು ವರ್ಷ, ಕೂಲಿ ಏನು ಸಿಕ್ಕಿತು ಅಂತ ಬರೆಸಿ. ಕೆಳಗೆ ತಾರೀಖು ಹಾಕಿ, ಹೇಳಿದವರ ಹೆಬ್ಬೆಟ್ಟು ಒತ್ತಿಸಿ. ಆ ಹಾಳೆಗಳನ್ನು ಒಟ್ಟಿಗೆ ಹೊಲಿದರೆ ನಮ್ಮದೊಂದು ದಫ್ತರ ಆಗ್ತದ. ತಲಾಟಿಯ ಕಪಾಟಿನಾಗ ಅದು ಇರೋದಿಲ್ಲ, ಕೇರಿಯಲ್ಲಿ ಇರ್ತದ.