ಸಕ್ಕರೆ ಅಚ್ಚು: ಕಾಪಿಡುವ ಮತ್ತು ದೂರಕ್ಕೆ ಒಯ್ಯುವ ಬಗೆ

ಮಕರ ಸಂಕ್ರಾಂತಿಯ ಎಳ್ಳಿನ ತಟ್ಟೆಗೆ ಕಳೆ ಕೊಡುವುದು ಸಕ್ಕರೆ ಅಚ್ಚು. ಮರದ ಅಚ್ಚುಗಳಿಗೆ ಪಾಕವೆರೆದು ಗಿಳಿ, ಮೀನು, ಆನೆ, ಗೋಪುರ, ಬೃಂದಾವನ ಮೊದಲಾದ ಆಕೃತಿಗಳನ್ನು ಮಾಡುವ ಪದ್ಧತಿ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಹೊರನಾಡಿನಲ್ಲಿ ನೆಲೆಸಿರುವ ನಮಗೆ ಇವು ಊರಿನಿಂದ ಬರಬೇಕು, ಇಲ್ಲವೇ ಊರಿನಿಂದ ತಂದ ಅಚ್ಚಿನಮಣೆಗಳಲ್ಲಿ ಇಲ್ಲಿಯೇ ಸಿದ್ಧವಾಗಬೇಕು. ಹಿರಿಯರು ಒಲೆಯ ಮುಂದೆ ನಿಂತು ಮಾಡಿದ ಅಚ್ಚುಗಳು ಹಬ್ಬದ ದಿನ ಡಬ್ಬಿ ತೆರೆದಾಗ ಒಂದಕ್ಕೊಂದು ಅಂಟಿಕೊಂಡಿದ್ದರೆ ಆಗುವ ಬೇಸರವನ್ನು ನಮ್ಮಲ್ಲಿ ಅನೇಕರು ಬಲ್ಲರು. ಒಡೆದೀತೆಂಬ ಭಯದಿಂದ ನಾವು ಹತ್ತಿ, ಕಾಗದಗಳನ್ನು ಸುತ್ತುತ್ತೇವೆ. ಆದರೆ ಸಕ್ಕರೆ ಅಚ್ಚಿಗೆ ಪೆಟ್ಟಿಗಿಂತ ದೊಡ್ಡ ಶತ್ರು ತೇವ.

ಬಾಳಿಕೆಯ ಮೂಲ ಪಾಕದಲ್ಲಿ

ನೆನೆಸಿ ಒರೆಸಿದ ಮರದ ಹೋಳುಗಳನ್ನು ಜೋಡಿಸಿ ಬಿಗಿದು, ಹಾಲು ಹಾಕಿ ಕೊಳೆ ತೆಗೆದು ಸೋಸಿದ ಪಾಕವನ್ನು ಸ್ವಲ್ಪ ಸ್ವಲ್ಪವಾಗಿ ಕಾಯಿಸಿ, ಅದು ಬೆಳ್ಳಗಾಗುತ್ತ ಬಂದಾಗ ಸುರಿಯುವುದು ರೂಢಿ. ಹರಳುಗಟ್ಟಿದ ಶುದ್ಧ ಸಕ್ಕರೆ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 85ನ್ನು ಮೀರಿದಾಗ ಮಾತ್ರ ನೀರನ್ನು ಸೆಳೆದುಕೊಂಡು ಕರಗತೊಡಗುತ್ತದೆ. ಆದರೆ ಪಾಕಕ್ಕೆ ನಿಂಬೆರಸ ಅಥವಾ ಮೊಸರು ಹೆಚ್ಚಾಗಿ ಬಿದ್ದು ಕುದಿದರೆ ಸಕ್ಕರೆಯ ಒಂದಂಶವು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಫ್ರಕ್ಟೋಸ್ ಇನ್ನೂ ಕಡಿಮೆ ಆರ್ದ್ರತೆಯಲ್ಲಿಯೇ ನೀರನ್ನು ಹೀರುವುದರಿಂದ ಅಂತಹ ಅಚ್ಚು ಬೇಗನೆ ಅಂಟಾಗುತ್ತದೆ. ಆದ್ದರಿಂದ ದೂರಕ್ಕೆ ಕಳುಹಿಸುವ ಅಚ್ಚಿನ ಪಾಕಕ್ಕೆ ಹುಳಿ ಹಾಕದಿರುವುದೇ ಲೇಸು.

ಕಾಪಿಡುವ ಬಗೆ

ಬಿಡಿಸಿದ ಅಚ್ಚುಗಳನ್ನು ಒಣಬಟ್ಟೆಯ ಮೇಲೆ ಹರಡಿ, ಫ್ಯಾನಿನ ಗಾಳಿಗೆ ಒಂದು ರಾತ್ರಿಯಾದರೂ ಆರಿಸಬೇಕು. ಬಿಸಿ ಇರುವಾಗಲೇ ಮುಚ್ಚಿಟ್ಟರೆ ಡಬ್ಬಿಯೊಳಗೆ ಬೆವರು ಕಟ್ಟುತ್ತದೆ. ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿ ಉತ್ತಮ. ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಒಳಗಿಟ್ಟರೆ ತೇವವನ್ನು ಅದು ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತದೆ. ಫ್ರಿಜ್ಜಿನಲ್ಲಿ ಮಾತ್ರ ಇಡಬಾರದು. ಹೊರತೆಗೆದ ಕೂಡಲೇ ತಣ್ಣನೆಯ ಅಚ್ಚಿನ ಮೇಲೆ ಹನಿಗಟ್ಟಿ ಕಣ್ಣು, ಮೂಗಿನಂತಹ ಸೂಕ್ಷ್ಮ ಗೆರೆಗಳು ಅಳಿಸಿಹೋಗುತ್ತವೆ. ಮುಂಬಯಿ, ಚೆನ್ನೈಗಳ ಕಡಲ ಗಾಳಿಯಲ್ಲಿ ಈ ಎಚ್ಚರ ಸದಾ ಬೇಕು. ದೆಹಲಿಯಲ್ಲಿ ಜನವರಿಯ ಮಂಜು ಮುಸುಕಿದ ಮುಂಜಾವಿನಲ್ಲಿ ಡಬ್ಬಿ ತೆರೆಯದೆ, ಬಿಸಿಲೇರಿದ ಮೇಲೆ ತೆರೆಯುವುದು ಒಳ್ಳೆಯದು.

ಎಳ್ಳಿನೊಡನೆ ಒಂದೇ ಡಬ್ಬಿಯಲ್ಲಿ ಅಚ್ಚನ್ನು ತುಂಬುವುದು ನಾವು ಸಾಮಾನ್ಯವಾಗಿ ಮಾಡುವ ತಪ್ಪು. ಬೆಲ್ಲ ಬೇಗ ನೀರೊಡೆಯುತ್ತದೆ. ಎಳ್ಳು, ಕೊಬ್ಬರಿ, ಕಡಲೆಕಾಯಿಬೀಜಗಳ ಜಿಡ್ಡು ಬಿಳಿಯ ಅಚ್ಚಿಗೆ ಕಲೆ ಹಿಡಿಸುತ್ತದೆ. ಎರಡನ್ನೂ ಬೇರೆಬೇರೆಯಾಗಿಟ್ಟು, ಬೀರುವ ದಿನವೇ ಕೂಡಿಸಬೇಕು.

ಪ್ರಯಾಣದಲ್ಲಿ

ಒಂದೊಂದು ಅಚ್ಚನ್ನೂ ತೆಳುಕಾಗದದಲ್ಲಿ ಪ್ರತ್ಯೇಕವಾಗಿ ಸುತ್ತಿ, ಭಾರವಾದ ಗೋಪುರ, ಬೃಂದಾವನಗಳನ್ನು ತಳದಲ್ಲಿಯೂ ತೆಳ್ಳಗಿನ ಗಿಳಿ, ಮೀನುಗಳನ್ನು ಮೇಲೆಯೂ ಜೋಡಿಸಬೇಕು. ಡಬ್ಬಿಯನ್ನು ಮೆಲ್ಲನೆ ಅಲುಗಿಸಿದಾಗ ಸದ್ದಾದರೆ ಒಳಗೆ ಇನ್ನೂ ಸಂದು ಉಳಿದಿದೆಯೆಂದು ಅರ್ಥ. ಅಲ್ಲಿ ಮತ್ತಷ್ಟು ಕಾಗದ ತುಂಬಬೇಕು. ವಿಮಾನದಲ್ಲಿ ಬರುವವರು ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಳ್ಳುವುದು ಕ್ಷೇಮ. ತಪಾಸಣೆಯವರು ಕೇಳಿದರೆ ತೆರೆದು ತೋರಿಸಲು ಅನುಕೂಲವಾಗುವಂತೆ ಕಟ್ಟಿರಬೇಕು. ಒಣಕೊಬ್ಬರಿಯ ಸಾಗಾಟಕ್ಕೆ ವಿಮಾನಗಳಲ್ಲಿ ನಿರ್ಬಂಧವಿರುವುದರಿಂದ ಅದನ್ನು ನಾವಿರುವ ನಗರದಲ್ಲಿಯೇ ಕೊಳ್ಳುವುದು ಸೂಕ್ತ. ಹವಾನಿಯಂತ್ರಿತ ರೈಲಿನಿಂದ ಇಳಿದವರು ಮನೆ ತಲುಪಿದೊಡನೆ ಮುಚ್ಚಳ ತೆಗೆಯದೆ, ಡಬ್ಬಿ ಹೊರಗಿನ ಹವೆಗೆ ಹೊಂದಿಕೊಳ್ಳುವವರೆಗೆ ಒಂದೆರಡು ಗಂಟೆ ಕಾಯಬೇಕು.

ಅಚ್ಚಿನಮಣೆಯ ರಕ್ಷಣೆ

ಇಷ್ಟಾದರೂ ಕೆಲವು ಅಚ್ಚುಗಳು ಮುರಿಯಬಹುದು. ಅದಕ್ಕಾಗಿ ಮರುಗಬೇಕಿಲ್ಲ. ಚೂರುಗಳನ್ನು ಕರಗಿಸಿ ಮತ್ತೆ ಎರೆಯಬಹುದು, ಪಾಯಸಕ್ಕೂ ಬಳಸಬಹುದು. ಆದರೆ ಜೋಡಿಯ ಒಂದು ಹೋಳು ಕಳೆದರೆ ಅಥವಾ ಸೀಳಿದರೆ ಆ ಆಕೃತಿಯೇ ಮನೆಯಿಂದ ಮರೆಯಾದಂತೆ. ಆದ್ದರಿಂದ ಹಬ್ಬ ಮುಗಿದ ಮೇಲೆ ಮರದ ಅಚ್ಚುಗಳನ್ನು ಬಿಸಿನೀರಿನಲ್ಲಿ ತೊಳೆದು, ಕಡುಬಿಸಿಲಿಗೆ ಇಡದೆ ನೆರಳಿನಲ್ಲಿ ಆರಿಸಿ, ಜೋಡಿ ತಪ್ಪದಂತೆ ದಾರದಿಂದ ಕಟ್ಟಿ, ಒಣಗಿದ ಬೇವಿನೆಲೆಯೊಡನೆ ಬಟ್ಟೆಯಲ್ಲಿ ಸುತ್ತಿಡಬೇಕು. ಯಾವುದು ಯಾರ ಮನೆಯಿಂದ ಬಂದುದೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಮುಂದಿನವರಿಗೆ ಉಪಕಾರವಾಗುತ್ತದೆ. ಸಕ್ಕರೆಯ ಗಿಳಿಯ ಆಯುಸ್ಸು ಕೆಲವು ವಾರಗಳದು. ಅದನ್ನು ಮೂಡಿಸುವ ಮರದ ಗಿಳಿಯನ್ನು ನಾವು ನಮ್ಮ ಮಕ್ಕಳ ಕೈಗೆ ಒಪ್ಪಿಸಬೇಕಾಗಿದೆ.